ಎಂಜಿಬಿ ಜಿಟಿ, ಟ್ರಯಂಫ್ ಜಿಟಿ6, ರಿಲಯಂಟ್ ಸಿಮಿಟರ್: ಹಳೆಯ ಬ್ರಿಟಿಷ್ ಜಿಟಿ ಕಾರು ಕೊಳ್ಳುವುದಾದರೆ ಯಾವುದು?

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅಂದರೆ ಮೊದಲು ನೆನಪಿಗೆ ಬರುವುದು ಜಾಗ್ವಾರ್ ಇ-ಟೈಪ್ ಅಥವಾ ಆಸ್ಟನ್ ಮಾರ್ಟಿನ್ ಡಿಬಿ5. ಎರಡೂ ಚೆಂದ. ಎರಡೂ ಈಗ ಸಂಬಳದವರ ಕೈಗೆ ಎಟುಕುವ ಮಾತಲ್ಲ. ಆದರೆ ಅದೇ 1960ರ ದಶಕದಲ್ಲಿ ಅದೇ ಆಸೆಯನ್ನು ಕಮ್ಮಿ ದುಡ್ಡಿನಲ್ಲಿ ತೀರಿಸುವ ಗಾಡಿಗಳೂ ಬ್ರಿಟನ್ನಿನ ಕಾರ್ಖಾನೆಗಳಿಂದ ಹೊರಬಂದವು. ಅವುಗಳಲ್ಲಿ ಮೂರನ್ನು ಇವತ್ತಿಗೂ ಹುಡುಕಿ ಕೊಳ್ಳಬಹುದು, ಓಡಿಸಬಹುದು, ಕೆಟ್ಟರೆ ರಿಪೇರಿ ಮಾಡಿಸಬಹುದು. ಎಂಜಿಬಿ ಜಿಟಿ, ಟ್ರಯಂಫ್ ಜಿಟಿ6 ಮತ್ತು ರಿಲಯಂಟ್ ಸಿಮಿಟರ್ ಜಿಟಿಇ. ಜಿಟಿ ಅಂದರೆ ಗ್ರ್ಯಾಂಡ್ ಟೂರರ್, ದೂರದ ಪ್ರಯಾಣದ ಸ್ಪೋರ್ಟ್ಸ್ ಕಾರು.

ಬ್ರಿಟನ್ನಿನಲ್ಲಿ ನೆಲೆಸಿ, ವಾರಾಂತ್ಯಕ್ಕೆ ಇಂಥದ್ದೊಂದು ಗಾಡಿ ಇಟ್ಟುಕೊಳ್ಳೋಣ ಅಂತ ಯೋಚಿಸುತ್ತಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿದ್ದು ಸುಮ್ನೆ ಪ್ರೀತಿಯಿಂದ ಓದುವವರಿಗೂ ಇಲ್ಲೊಂದು ಸ್ವಾರಸ್ಯ ಇದೆ. ಈ ಮೂರೂ ಕಾರುಗಳ ನೆಂಟರು ನಮ್ಮ ರಸ್ತೆಗಳಲ್ಲಿ ಓಡಿದ್ದಾರೆ. ಅದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹಳೆಯ ಕಾರು ಕೊಳ್ಳುವವರಿಗೆ ಓವರ್‌ಡ್ರೈವ್ (ವೇಗದಲ್ಲಿ ಹೋಗುವಾಗ ಇಂಜಿನ್ ಸುತ್ತು ಇಳಿಸುವ ಘಟಕ) ಇರುವ ಎಂಜಿಬಿ ಜಿಟಿ. ಮಕ್ಕಳಿರುವ ಮನೆಗೆ ಸಿಮಿಟರ್. ಜಿಟಿ6 ಅದರ ರೂಪಕ್ಕೂ ಸದ್ದಿಗೂ ಮನಸೋತವರಿಗೆ. ಯಾಕೆ ಅನ್ನುವುದು ಮುಂದಿದೆ.

ಜಿಟಿಯಿಂದ ನಮಗೆ ಬೇಕಾದ್ದೇನು

ತೆರೆದ ಸ್ಪೋರ್ಟ್ಸ್ ಕಾರು ಒಂದು ಗಂಟೆಯ ಖುಷಿಗೆ. ಜಿಟಿ ಇಡೀ ದಿನದ ಖುಷಿಗೆ. ತಲೆಯ ಮೇಲೆ ಗಟ್ಟಿ ಛಾವಣಿ, ಇಬ್ಬರಿಗೆ ಆರಾಮಾದ ಸೀಟು, ಹಿಂದೆ ನಾಲ್ಕು ದಿನದ ಬಟ್ಟೆಬರೆಗೆ ಜಾಗ, ನೂರಾರು ಮೈಲಿ ಒಂದೇ ಸಮನೆ ಓಡುವ ಇಂಜಿನ್. ಬೆಳಗ್ಗೆ ಲಂಡನ್ ಬಿಟ್ಟು ಸಂಜೆ ಸ್ಕಾಟ್ಲೆಂಡ್ ಮುಟ್ಟಬೇಕು, ಇಳಿದಾಗ ಬೆನ್ನು ನೋಯಬಾರದು. ಮಳೆ ಬಂದರೆ ಒಳಗೆ ನೀರು ಬರಬಾರದು. ಬ್ರಿಟನ್ನಿನಲ್ಲಿ ಈ ಕೊನೆಯ ಮಾತು ಸಣ್ಣದೇನಲ್ಲ.

ಹಾಗಾಗಿ ಈ ಕಾರುಗಳನ್ನು ಅಳೆಯುವಾಗ ಎಷ್ಟು ಸೆಕೆಂಡಿನಲ್ಲಿ 60 ಮೈಲಿ ವೇಗ ಮುಟ್ಟುತ್ತದೆ ಅನ್ನುವುದನ್ನು ಪಕ್ಕಕ್ಕಿಡಿ. ಈ ವಿಷಯದಲ್ಲಿ ಇವತ್ತಿನ ಸಾಧಾರಣ ಕಾರು ಕೂಡ ಮೂರನ್ನೂ ಹಿಂದೆ ಹಾಕುತ್ತದೆ. ನೋಡಬೇಕಾದ್ದು ಮೂರು ಗಂಟೆ ಓಡಿಸಿದ ಮೇಲೆ ನಿಮಗೆ ಇನ್ನೂ ಓಡಿಸಬೇಕು ಅನ್ನಿಸುತ್ತದೋ ಇಲ್ಲವೋ ಅನ್ನುವುದನ್ನು.

ಎಂಜಿಬಿ ಜಿಟಿ

ತೆರೆದ ಎಂಜಿಬಿ 1962ರಲ್ಲಿ ಬಂತು. ಅದಕ್ಕೆ ಛಾವಣಿ ಕೂಡಿಸುವ ಕೆಲಸದಲ್ಲಿ ಇಟಲಿಯ ಪಿನಿನ್‌ಫರೀನಾ ಕೈಜೋಡಿಸಿತು. ಮುಂಗಾಜನ್ನು ಸ್ವಲ್ಪ ಎತ್ತರಿಸಿ, ಛಾವಣಿಯನ್ನು ಹಿಂದಕ್ಕೆ ಇಳಿಜಾರಾಗಿ ಎಳೆದು, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು ಇಟ್ಟರು. 1965ರ ಅಕ್ಟೋಬರ್‌ನಲ್ಲಿ ಜಿಟಿ ಹೊರಬಂತು. ಬೇರೆ ಕಾರಿಗೆ ಆಮೇಲೆ ಅಂಟಿಸಿದ ಛಾವಣಿ ಅಂತ ಎಲ್ಲೂ ಅನ್ನಿಸುವುದಿಲ್ಲ. ಇಡೀ ಕಾರನ್ನು ಹೀಗೇ ಚಿತ್ರಿಸಿದ್ದರು ಅನ್ನಿಸುತ್ತದೆ. ಪಕ್ಕದಿಂದ ನಿಂತು ನೋಡಿ, ಕಣ್ಣು ಎಲ್ಲೂ ತಡೆಯುವುದಿಲ್ಲ.

ಬಾನೆಟ್ ಎತ್ತಿದರೆ 1798 ಸಿಸಿಯ ನಾಲ್ಕು ಸಿಲಿಂಡರಿನ ಬಿ-ಸೀರೀಸ್ ಇಂಜಿನ್. ನಮ್ಮ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿದ 1489 ಸಿಸಿಯ ಪೆಟ್ರೋಲ್ ಇಂಜಿನ್ ಕೂಡ ಇದೇ ಬಿ-ಸೀರೀಸ್ ಕುಟುಂಬದ್ದು. ಅದೇ ಬೀಡುಕಬ್ಬಿಣದ ಬ್ಲಾಕು, ಅದೇ ಪುಶ್‌ರಾಡ್, ಅದೇ ಟ್ಯಾಪೆಟ್ ಸದ್ದು. ಅಂಬಾಸಿಡರ್ ರಿಪೇರಿ ಮಾಡಿ ಪಳಗಿದ ಬೆಂಗಳೂರಿನ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಎಂಜಿಬಿ ಮುಂದೆ ನಿಲ್ಲಿಸಿದರೆ ಕೈಪಿಡಿ ಕೇಳುವುದಿಲ್ಲ, ಸ್ಪ್ಯಾನರ್ ಕೇಳುತ್ತಾರೆ. ಇದರಲ್ಲಿ ಎರಡು ಎಸ್‌ಯು ಕಾರ್ಬುರೇಟರ್ ಇವೆ, ಸುಮಾರು 95 ಕುದುರೆಶಕ್ತಿ ಇದೆ. ರೇಸಿಗೆ ಸಾಲದು, ಊರೂರು ಸುತ್ತಲು ಬೇಕಾದಷ್ಟು.

ಈಗ ಓವರ್‌ಡ್ರೈವ್ ವಿಷಯ. ಎಂಜಿಬಿಯ ಗೇರ್ ನಾಲ್ಕೇ. ನಾಲ್ಕನೇ ಗೇರಿನಲ್ಲಿ ಗಂಟೆಗೆ 70 ಮೈಲಿ ಹೋದರೆ ಇಂಜಿನ್ ನಿಮಿಷಕ್ಕೆ 3,900ರ ಆಸುಪಾಸು ಸುತ್ತುತ್ತಿರುತ್ತದೆ. ಮೋಟರ್‌ವೇ ಮೇಲೆ ಎರಡು ಗಂಟೆ ಆ ಸದ್ದು ಕೇಳಿದರೆ ತಲೆ ಭಾರವಾಗುತ್ತದೆ. ಲೇಕಾಕ್ ಓವರ್‌ಡ್ರೈವ್ ಇದ್ದರೆ ಒಂದು ಸ್ವಿಚ್ ಒತ್ತಿದರಾಯಿತು. ಗೇರ್‌ಬಾಕ್ಸ್ ಹಿಂದಿರುವ ಘಟಕ ಕಚ್ಚಿಕೊಂಡು ಸುತ್ತು 3,200ರ ಹತ್ತಿರಕ್ಕೆ ಇಳಿಯುತ್ತದೆ. ಸದ್ದು ತಗ್ಗುತ್ತದೆ, ಪೆಟ್ರೋಲ್ ಉಳಿಯುತ್ತದೆ, ಪಕ್ಕದವರ ಜೊತೆ ಮಾತಾಡಬಹುದು. 1975ರಿಂದ ಬ್ರಿಟನ್ನಿನಲ್ಲಿ ಮಾರಿದ ಗಾಡಿಗಳಿಗೆ ಇದು ಮಾಮೂಲಾಗಿ ಬಂತು. ಅದಕ್ಕೂ ಮುಂಚೆ ಕೇಳಿದವರಿಗೆ ಮಾತ್ರ. ಓವರ್‌ಡ್ರೈವ್ ಇಲ್ಲದ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ದೂರದ ಪ್ರಯಾಣಕ್ಕೆ ಅಂತ ಕೊಳ್ಳಬೇಡಿ. ಟೆಸ್ಟ್ ಡ್ರೈವ್‌ನಲ್ಲಿ ಸ್ವಿಚ್ ಒತ್ತಿ ನೋಡಿ. ಸುತ್ತು ತಕ್ಷಣ ಇಳಿಯಬೇಕು, ಬಿಟ್ಟಾಗ ತಕ್ಷಣ ಏರಬೇಕು.

ಇನ್ನು ಬಂಪರ್ ಜಗಳ. 1974ರ ಶರತ್ಕಾಲದವರೆಗೆ ಕ್ರೋಮ್ ಬಂಪರ್. ಅಲ್ಲಿಂದ ಮುಂದೆ ಅಮೆರಿಕದ ಸುರಕ್ಷತಾ ನಿಯಮಗಳಿಗೆ ಒಗ್ಗಿಸಲು ಕಪ್ಪು ರಬ್ಬರಿನ ದಪ್ಪ ಬಂಪರ್ ಹಾಕಿದರು. ಜೊತೆಗೆ ಕಾರಿನ ಎತ್ತರವನ್ನೂ ಒಂದೂವರೆ ಇಂಚಿನಷ್ಟು ಹೆಚ್ಚಿಸಿದರು. ತಿರುವಿನಲ್ಲಿ ಮೈ ವಾಲುವುದು ಜಾಸ್ತಿಯಾಯಿತು. ನೋಟಕ್ಕೂ ಓಟಕ್ಕೂ ಕ್ರೋಮ್ ಗಾಡಿಯೇ ಮೇಲು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ರಬ್ಬರ್ ಬಂಪರ್ ಗಾಡಿ ಕಮ್ಮಿ ಬೆಲೆಗೆ ಸಿಗುತ್ತದೆ, ಓವರ್‌ಡ್ರೈವ್ ಸಿಗುವ ಸಾಧ್ಯತೆ ಜಾಸ್ತಿ, ಎತ್ತರವನ್ನು ಆಮೇಲೆ ಇಳಿಸಬಹುದು. ಕೈಯಲ್ಲಿರುವ ದುಡ್ಡಿಗೆ ತುಕ್ಕು ಹಿಡಿದ ಕ್ರೋಮ್ ಗಾಡಿ ಅಥವಾ ಗಟ್ಟಿಮುಟ್ಟಾದ ರಬ್ಬರ್ ಗಾಡಿ ಅಂತ ಬಂದರೆ, ಯೋಚಿಸದೆ ಎರಡನೆಯದಕ್ಕೆ ಹೋಗಿ.

ಎಂಜಿಬಿಯಲ್ಲಿ ತುಕ್ಕೇ ಎಲ್ಲ. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಆ ಭಾರದ ದೊಡ್ಡ ಪಾಲು ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ. ಸಿಲ್ ಅಂದರೆ ಒಂದೇ ತಗಡಲ್ಲ. ಹೊರಗೊಂದು, ನಡುವೆ ಒಂದು, ಒಳಗೊಂದು, ಅಡಿಯಲ್ಲಿ ಇನ್ನೊಂದು ಪಟ್ಟಿ. ಒಳಗಿನವು ಕರಗಿಹೋಗಿದ್ದರೂ ಹೊರಗೆ ಹೊಸ ತಗಡು ಹಚ್ಚಿ ಬಣ್ಣ ಬಳಿದು ಮಾರುವವರಿದ್ದಾರೆ. ಹಾಗಾಗಿ ಹೀಗೆ ಮಾಡಿ. ಮೊದಲು ಬಾಗಿಲು ಮುಚ್ಚಿ ಸುತ್ತಲಿನ ಸಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದು, ಕೆಳಗೆ ಅಗಲ ಆಗಿದ್ದರೆ ಬಾಡಿ ನಡುವೆ ಕುಸಿದಿದೆ. ಆಮೇಲೆ ಮಾರುವವರ ಒಪ್ಪಿಗೆ ಕೇಳಿ, ಜಾಕ್ ಹಚ್ಚುವ ಜಾಗಕ್ಕೆ ಜಾಕ್ ಕೊಟ್ಟು ಒಂದು ಬದಿ ಎತ್ತಿ. ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಎತ್ತುವ ಮೊದಲು ಹೇಗಿತ್ತೋ ಹಾಗೇ ಇರಬೇಕು. ಬಾಗಿಲು ಬಿಗಿಯಾಯಿತು ಅಥವಾ ಜಾಕ್ ಇಟ್ಟಲ್ಲೇ ತಗಡು ಕರಕರ ಅಂದಿತು ಅಂದರೆ ಥ್ಯಾಂಕ್ಸ್ ಹೇಳಿ ಹೊರಟುಬಿಡಿ. ಜಿಟಿಯ ಛಾವಣಿ ಸ್ವಲ್ಪ ಬಲ ಕೊಡುವುದರಿಂದ ತೆರೆದ ಕಾರಿನಲ್ಲಿ ಬೇಗ ಎದ್ದು ಕಾಣುವ ಕುಸಿತ ಇದರಲ್ಲಿ ತಡವಾಗಿ ಕಾಣುತ್ತದೆ. ಅದಕ್ಕೇ ಜಾಸ್ತಿ ಹುಷಾರು ಬೇಕು.

ತುಕ್ಕು ಬಿಟ್ಟರೆ ಮಿಕ್ಕಿದ್ದೆಲ್ಲ ಸುಲಭ. ಒಟ್ಟು 1,25,000ಕ್ಕೂ ಜಾಸ್ತಿ ಜಿಟಿಗಳನ್ನು ಅಬಿಂಗ್ಡನ್ ಕಾರ್ಖಾನೆ ತಯಾರಿಸಿತು. ತೆರೆದ ಕಾರೂ ಸೇರಿದರೆ ಎಂಜಿಬಿಗಳ ಲೆಕ್ಕ ಐದು ಲಕ್ಷ ದಾಟುತ್ತದೆ. ಇಷ್ಟು ಗಾಡಿ ಇದ್ದ ಮೇಲೆ ಬಿಡಿಭಾಗದ ವ್ಯಾಪಾರ ಜೋರಾಗಿ ನಡೆಯಲೇಬೇಕಲ್ವಾ? ಸಣ್ಣ ರಬ್ಬರ್ ವಾಷರಿನಿಂದ ಹಿಡಿದು ಇಡೀ ಹೊಸ ಬಾಡಿಯವರೆಗೆ ಸಿಗುತ್ತದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳಿಂದಲೇ ಎಂಜಿಬಿಯ ಹೊಸ ಬಾಡಿ ತಯಾರಿಸುತ್ತದೆ. ಮಿಕ್ಕ ಎರಡು ಕಾರುಗಳಿಗೆ ಈ ಭಾಗ್ಯ ಇಲ್ಲ. ನಾನು ಎಂಜಿಬಿಯನ್ನು ಮೊದಲು ಇಡುವುದಕ್ಕೆ ಇದೇ ದೊಡ್ಡ ಕಾರಣ.

ಇದೇ ಬಾಡಿಯಲ್ಲಿ ಇನ್ನೆರಡು ಬಗೆ ಬಂದವು. 1967ರಿಂದ 1969ರವರೆಗೆ 2912 ಸಿಸಿಯ ಆರು ಸಿಲಿಂಡರಿನ ಎಂಜಿಸಿ. ಇಂಜಿನ್ ಭಾರ, ಮುಂಭಾಗ ತೂಕ, ಸ್ಟಿಯರಿಂಗ್ ಗಟ್ಟಿ. ಆಗ ಬೈಸಿಕೊಂಡರೂ ನೇರ ರಸ್ತೆಯಲ್ಲಿ ಅದು ಒಳ್ಳೆಯ ಜಿಟಿ. ಇನ್ನೊಂದು 1973ರಿಂದ 1976ರವರೆಗಿನ ಜಿಟಿ ವಿ8. ರೋವರ್‌ನ 3528 ಸಿಸಿಯ ಅಲ್ಯೂಮಿನಿಯಂ ವಿ8 ಇಂಜಿನ್, 137 ಕುದುರೆಶಕ್ತಿ. ಕಬ್ಬಿಣದ ನಾಲ್ಕು ಸಿಲಿಂಡರಿಗೆ ಹೋಲಿಸಿದರೆ ತೂಕದಲ್ಲಿ ಹೆಚ್ಚು ಕಮ್ಮಿ ಸಮ. ಎಂಜಿಬಿ ಮೊದಲಿಂದಲೂ ಹೀಗೇ ಇರಬೇಕಿತ್ತು ಅನ್ನಿಸುವ ಗಾಡಿ. ಕಾರ್ಖಾನೆ ಮಾಡಿದ್ದು 2,591 ಮಾತ್ರ, ಬೆಲೆಯೂ ಹಾಗೇ. ಆಮೇಲೆ ಯಾರೋ ಗ್ಯಾರೇಜಿನಲ್ಲಿ ವಿ8 ಕೂರಿಸಿದ ಗಾಡಿಗಳೂ ತುಂಬ ಇವೆ. ಅವು ಕೆಟ್ಟವಲ್ಲ, ಆದರೆ ಕಾರ್ಖಾನೆಯ ಗಾಡಿಯ ಬೆಲೆ ಕೊಡಬೇಡಿ. ಚಾಸಿ ನಂಬರನ್ನು ಕಾಗದದ ಜೊತೆ ತಾಳೆ ನೋಡಿ.

ಟ್ರಯಂಫ್ ಜಿಟಿ6

ಈ ಕಾರನ್ನು ಬುದ್ಧಿಯಿಂದ ಅಳೆದರೆ ಎರಡನೇ ಜಾಗಕ್ಕೂ ಬರುವುದಿಲ್ಲ. ಆದರೆ ಇಂಜಿನ್ ಶುರು ಮಾಡಿದ ಮೇಲೆ ಬುದ್ಧಿಯ ಮಾತು ಕೇಳುವುದು ಕಷ್ಟ. ಇಷ್ಟು ಸಣ್ಣ ಕಾರಿನಲ್ಲಿ 1998 ಸಿಸಿಯ ಸಾಲು ಆರು ಸಿಲಿಂಡರ್. ಎಂಜಿಬಿ ಗುಡುಗಿದರೆ ಇದು ಹಾಡುತ್ತದೆ. ಮೂರನೇ ಗೇರಿನಲ್ಲಿ ಬೆಟ್ಟ ಹತ್ತುವಾಗ ಆ ಆರು ಸಿಲಿಂಡರಿನ ನಯ ಕಾಲಿನಡಿ ಗೊತ್ತಾಗುತ್ತದೆ.

ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಆಕಾರ. ಉದ್ದ ಬಾನೆಟ್, ಹಿಂದಕ್ಕೆ ಜಾರುವ ಛಾವಣಿ. 1965ರ ಲೆ ಮಾನ್ ರೇಸಿನಲ್ಲಿ ಓಡಿದ ಟ್ರಯಂಫ್ ಸ್ಪಿಟ್‌ಫೈರ್‌ಗಳ ಛಾವಣಿಯೂ ಹೀಗೇ ಇತ್ತು. 1966ರಲ್ಲಿ ಮಾರುಕಟ್ಟೆಗೆ ಬಂದಾಗ ಬಡವರ ಇ-ಟೈಪ್ ಅಂತ ಕರೆದರು. ಅದು ಹೊಗಳಿಕೆಯೇ. ಬಾನೆಟ್ಟು, ಎರಡೂ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಒಂದೇ ತುಂಡಾಗಿ ಮುಂದಕ್ಕೆ ಬಾಗುತ್ತದೆ. ಮುಂದಿನ ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. ಬೆನ್ನು ಬಗ್ಗಿಸಬೇಕಿಲ್ಲ, ಕೈ ಹೋಗದ ಮೂಲೆ ಇಲ್ಲ. ಸ್ವಂತ ಕೈಯಿಂದ ರಿಪೇರಿ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ.

ನಮ್ಮ ಕಡೆಯ ನೆಂಟಸ್ತಿಕೆ ಇಲ್ಲಿ ಚಾಸಿಯ ಮೂಲಕ. ಜಿಟಿ6 ಹುಟ್ಟಿದ್ದು ಸ್ಪಿಟ್‌ಫೈರ್‌ನಿಂದ, ಸ್ಪಿಟ್‌ಫೈರ್ ಹುಟ್ಟಿದ್ದು ಟ್ರಯಂಫ್ ಹೆರಾಲ್ಡ್‌ನಿಂದ. ಆ ಹೆರಾಲ್ಡನ್ನೇ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಲ್ಲಿ ತಯಾರಿಸಿ ಮಾರಿದರು. ಮೈಸೂರು, ಬೆಂಗಳೂರಿನ ಹಳೆಯ ಮನೆಗಳ ಮುಂದೆ ಆ ಕಾರು ನಿಂತಿದ್ದನ್ನು ಕಂಡವರು ಈಗಲೂ ಇದ್ದಾರೆ.

ಹೆರಾಲ್ಡ್‌ನಿಂದ ಬಂದ ಒಂದು ಕೆಡುಕೂ ಇದೆ. ಮೊದಲ ಮಾದರಿಯ ಹಿಂದಿನ ಸಸ್ಪೆನ್ಶನ್‌ನಲ್ಲಿ ಅಡ್ಡ ಪಟ್ಟಾ, ಸ್ವಿಂಗ್ ಆಕ್ಸಲ್. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹೊರಗಿನ ಹಿಂಚಕ್ರ ಒಳಕ್ಕೆ ಮಡಚಿಕೊಳ್ಳಲು ನೋಡುತ್ತದೆ, ಕಾರಿನ ಹಿಂಭಾಗ ಜಾರುತ್ತದೆ. ಒದ್ದೆ ರಸ್ತೆಯಲ್ಲಿ ಇದು ನಿಜವಾದ ಅಪಾಯ. 1968ರ ಮಾರ್ಕ್ 2ರಲ್ಲಿ ರೋಟೋಫ್ಲೆಕ್ಸ್ ಅನ್ನುವ ರಬ್ಬರ್ ಜೋಡಣೆ ಇಟ್ಟು ಹಿಂದಿನ ಸಸ್ಪೆನ್ಶನ್ ಬದಲಿಸಿದರು, ಶಕ್ತಿಯನ್ನೂ 95ರಿಂದ 104 ಕುದುರೆಗೆ ಏರಿಸಿದರು. 1970ರಲ್ಲಿ ಬಾಡಿಯನ್ನು ತಿದ್ದಿ ಮಾರ್ಕ್ 3 ತಂದರು. 1973ರಲ್ಲಿ ತಯಾರಿಕೆ ನಿಂತಿತು. ನೀವು ಕೊಳ್ಳುವುದಾದರೆ ಮಾರ್ಕ್ 2 ಅಥವಾ ಮಾರ್ಕ್ 3. ಮೊದಲ ಮಾದರಿ ಸಂಗ್ರಹಕಾರರಿಗಿರಲಿ. ರೋಟೋಫ್ಲೆಕ್ಸ್ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ಕೆಳಗೆ ಮಲಗಿ ನೋಡಿ. ಬದಲಿಸುವುದು ಬೇಸರದ ಕೆಲಸ.

ಇನ್ನೊಂದು ಪರೀಕ್ಷೆ ಮರೆಯಬೇಡಿ. ಬಾನೆಟ್ ತೆರೆದು, ಇಂಜಿನ್ ಆಫ್ ಇರುವಾಗ ಯಾರಾದರೂ ಕ್ಲಚ್ ತುಳಿಯಲಿ. ನೀವು ಇಂಜಿನ್ ಮುಂದಿನ ಪುಲ್ಲಿಯನ್ನೇ ನೋಡುತ್ತಿರಿ. ತುಳಿದಾಗಲೆಲ್ಲ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಬಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ. ವಾಷರ್ ಅಗ್ಗ. ಅದು ಕಳಚಿ ಬಿದ್ದರೆ ಕ್ರ್ಯಾಂಕೂ ಬ್ಲಾಕೂ ಹಾಳಾಗುತ್ತವೆ.

ಒಳಗೆ ಇಬ್ಬರಿಗಷ್ಟೇ ಜಾಗ. ಎತ್ತರದವರಿಗೆ ತಲೆ ತಾಗುತ್ತದೆ. ಇಂಜಿನ್ನಿನ ಶಾಖ ಒಳಗೆ ಬರುತ್ತದೆ. ಜುಲೈನಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಬೆವರು ಗ್ಯಾರಂಟಿ. ಒಬ್ಬರೇ ಅಥವಾ ಇಬ್ಬರು ಬೆಳಗ್ಗೆ ಬೇಗ ಎದ್ದು ವೇಲ್ಸ್‌ನ ಬೆಟ್ಟದ ರಸ್ತೆ ಸುತ್ತಿ ಮಧ್ಯಾಹ್ನಕ್ಕೆ ಮನೆಗೆ ಬರುವಂತಿದ್ದರೆ ಇದರ ಸುಖಕ್ಕೆ ಮಿಕ್ಕೆರಡೂ ಸಾಟಿಯಲ್ಲ.

ರಿಲಯಂಟ್ ಸಿಮಿಟರ್ ಜಿಟಿಇ

ಮೂರರಲ್ಲಿ ಕಮ್ಮಿ ಜನಕ್ಕೆ ಗೊತ್ತಿರುವ, ಜಾಸ್ತಿ ಕೆಲಸಕ್ಕೆ ಬರುವ ಗಾಡಿ. ಮೂರು ಚಕ್ರದ ಕಾರುಗಳಿಗೆ ಹೆಸರಾಗಿದ್ದ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ 1968ರಲ್ಲಿ ಇದನ್ನು ತಂದಿತು. ಓಗಲ್ ಡಿಸೈನ್‌ನ ಟಾಮ್ ಕ್ಯಾರನ್ ರೂಪಿಸಿದ್ದು. ಸ್ಪೋರ್ಟ್ಸ್ ಕಾರಿನ ಮೂತಿ, ಎಸ್ಟೇಟ್ ಕಾರಿನ ಬೆನ್ನು, ಮೇಲಕ್ಕೆ ತೆರೆಯುವ ಗಾಜಿನ ಹಿಂಬಾಗಿಲು. ಹಿಂದಿನ ಎರಡು ಸೀಟನ್ನು ಬೇರೆ ಬೇರೆಯಾಗಿ ಮಡಚಬಹುದು. ರಾಜಕುಮಾರಿ ಆ್ಯನ್ ಒಂದಾದ ಮೇಲೊಂದರಂತೆ ಹಲವು ಸಿಮಿಟರ್ ಓಡಿಸಿದರು. ಆಮೇಲೆ ಇದಕ್ಕೆ ಒಂದು ಮರ್ಯಾದೆ ಬಂತು.

ಬಾಡಿ ಫೈಬರ್‌ಗ್ಲಾಸ್, ತುಕ್ಕಿನ ಮಾತೇ ಇಲ್ಲ. ಇದೇ ಕಂಪನಿಯ ಕಿಟನ್ ಅನ್ನುವ ಫೈಬರ್ ಕಾರನ್ನು 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ಹೆಸರಿನಲ್ಲಿ ತಯಾರಿಸಿದರು. ಮಾರುತಿಯ ಅಲೆಯಲ್ಲಿ ಡಾಲ್ಫಿನ್ ಮುಳುಗಿತು. ಆದರೂ ನಮ್ಮ ಊರಿನಲ್ಲೇ ತಯಾರಾದ ಕಾರು ಅನ್ನುವ ಹೆಮ್ಮೆ ನನಗಿದೆ.

ಸಿಮಿಟರ್‌ನ ಇಂಜಿನ್ ಫೋರ್ಡ್‌ನ 3 ಲೀಟರ್ ಎಸೆಕ್ಸ್ ವಿ6. ಫೋರ್ಡ್ ಕ್ಯಾಪ್ರಿಯಲ್ಲೂ ಇದೇ ಇತ್ತು. ಸದ್ದು ಒರಟು, ಎಳೆತ ಜೋರು. ಮೂರರಲ್ಲಿ ಮೋಟರ್‌ವೇಗೆ ಹೇಳಿ ಮಾಡಿಸಿದ್ದು ಇದೇ. ದೊಡ್ಡವರು ಹಿಂದೆ ನಿಜವಾಗಿ ಕೂರಬಹುದು. ಎಂಜಿಬಿಯ ಹಿಂದಿನ ಸೀಟು ಸಣ್ಣ ಮಕ್ಕಳಿಗೂ ಇಕ್ಕಟ್ಟು.

ನೋಡಬೇಕಾದ್ದು ಬಾಡಿಯ ಕೆಳಗೆ. ಫೈಬರ್ ಥಳಥಳ ಹೊಳೆಯುತ್ತಿದ್ದರೂ ಕೆಳಗಿನ ಉಕ್ಕಿನ ಚಾಸಿ ತುಕ್ಕು ಹಿಡಿದಿರಬಹುದು. ಪಕ್ಕಕ್ಕೆ ಚಾಚಿದ ತೋಳುಗಳನ್ನೂ ಸೀಟ್‌ಬೆಲ್ಟ್ ಕೂಡಿಸಿದ ಜಾಗಗಳನ್ನೂ ಟಾರ್ಚ್ ಹಾಕಿ ನೋಡಿ. ಎಸೆಕ್ಸ್ ಇಂಜಿನ್ನಿನ ಟೈಮಿಂಗ್ ಗೇರ್ ಫೈಬರಿನದು, ಹಲ್ಲು ಉದುರುತ್ತದೆ. ಲೋಹದ್ದು ಹಾಕಿಸಿದ ಬಿಲ್ ಇದೆಯಾ ಕೇಳಿ. ಬಿಸಿಯಾಗುವ ರೋಗವೂ ಇದೆ. ಟೆಸ್ಟ್ ಡ್ರೈವ್ ಮುಗಿದ ಮೇಲೆ ಹತ್ತು ನಿಮಿಷ ಇಂಜಿನ್ನನ್ನು ನಿಂತಲ್ಲೇ ಓಡಲು ಬಿಟ್ಟು ಶಾಖ ತೋರಿಸುವ ಮುಳ್ಳು ನೋಡಿ. ಇಂಜಿನ್ ಬಿಡಿಭಾಗ ಸಿಗುತ್ತವೆ. ಆದರೆ ಒಳಗಿನ ಪ್ಲಾಸ್ಟಿಕ್, ಗಾಜು, ಲೈಟಿನ ಚೌಕಟ್ಟುಗಳಿಗೆ ಹುಡುಕಾಡಬೇಕು. ಅವು ಪೂರ್ತಿ ಇರುವ ಗಾಡಿಯನ್ನೇ ಕೊಳ್ಳಿ.

1975ರವರೆಗಿನ ಎಸ್‌ಇ5 ಮತ್ತು ಎಸ್‌ಇ5ಎ ಚೆಂದ ಜಾಸ್ತಿ. ಆಮೇಲಿನ ಎಸ್‌ಇ6 ಅಗಲ, ಉದ್ದ, ಆರಾಮ ಜಾಸ್ತಿ. ಮಕ್ಕಳಿಗಾಗಿ ಅಂತಲೇ ಕೊಳ್ಳುತ್ತಿದ್ದರೆ ಎಸ್‌ಇ6 ನೋಡಿ.

ಖರ್ಚು, ಕಾನೂನು, ಪೆಟ್ರೋಲ್

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ಆದರೆ ಗಾಡಿಯನ್ನು ಹಿಸ್ಟಾರಿಕ್ ವರ್ಗಕ್ಕೆ ನೀವೇ ಅರ್ಜಿ ಹಾಕಿ ಸೇರಿಸಬೇಕು. ಸೇರಿಸಿದರೆ ಲಂಡನ್ನಿನಲ್ಲಿ ಹೆಚ್ಚು ಹೊಗೆ ಉಗುಳುವ ಗಾಡಿಗಳಿಗೆ ಹಾಕುವ ಯುಲೆಝ್ ಶುಲ್ಕವೂ ಇಲ್ಲ. ದೊಡ್ಡ ಬದಲಾವಣೆ ಮಾಡಿರದಿದ್ದರೆ ಗಾಡಿ ರಸ್ತೆಗೆ ಯೋಗ್ಯವೋ ಅಂತ ನೋಡುವ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಕಡ್ಡಾಯ ಅಲ್ಲದಿದ್ದರೂ ವರ್ಷಕ್ಕೊಮ್ಮೆ ಮಾಡಿಸಿ. ಬ್ರೇಕು, ಸ್ಟಿಯರಿಂಗನ್ನು ಬೇರೆಯವರ ಕಣ್ಣು ನೋಡುವುದು ಒಳ್ಳೆಯದು. ವಿಮೆಯನ್ನು ಕ್ಲಾಸಿಕ್ ಪಾಲಿಸಿಯಲ್ಲಿ, ಮೊದಲೇ ಒಪ್ಪಿದ ಬೆಲೆಗೆ ಮಾಡಿಸಿ. ಇಲ್ಲವಾದರೆ ಅಪಘಾತವಾದಾಗ ಹಳೆಯ ಗುಜರಿ ಲೆಕ್ಕ ಹಾಕುತ್ತಾರೆ.

2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪಿಗೆ ಇದು ಆಗಿಬರುವುದಿಲ್ಲ. ಇ5 ಅಂತ ಬರೆದಿರುವ ಸೂಪರ್ ಪೆಟ್ರೋಲನ್ನೇ ಹಾಕಿಸಿ. ಸೀಸದ ಪೆಟ್ರೋಲ್ 1999ರ ಕೊನೆಗೆ ನಿಂತುಹೋಯಿತು. ಎಂಜಿಬಿಯ ಕಬ್ಬಿಣದ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಕೇಳಿ. ಇಲ್ಲದಿದ್ದರೆ ಸೀಟು ಸವೆಯದಂತೆ ಪ್ರತಿ ಸಲ ಟ್ಯಾಂಕಿಗೆ ಸೀಸದ ಬದಲಿ ಮಿಶ್ರಣ ಸೇರಿಸಬೇಕು.

ಗಾಡಿ ಮನೆಗೆ ಬಂದ ಮೇಲೆ

ಮೊದಲು ಇಂಧನದ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಹಳೆಯ ಪೈಪಿನಿಂದ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿ. ಬ್ರೇಕ್ ಆಯಿಲ್ ಬದಲಿಸಿ. ಜಿಟಿ6 ಅಥವಾ ಸಿಮಿಟರ್ ಆದರೆ ಮುಂದಿನ ಚಕ್ರಗಳ ಟ್ರನಿಯನ್‌ಗೆ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೆಳಗಿನ ಕೀಲಿಗೆ) ಗೇರ್ ಆಯಿಲ್ ತುಂಬಿಸಿ. ಸಿಮಿಟರ್‌ನ ಮುಂದಿನ ಸಸ್ಪೆನ್ಶನ್ ಟ್ರಯಂಫ್‌ನದೇ, ಹಾಗಾಗಿ ಎರಡಕ್ಕೂ ಒಂದೇ ನಿಯಮ. ಅಲ್ಲಿ ಗ್ರೀಸ್ ಹಾಕುವುದು ತಪ್ಪು. ಗ್ರೀಸ್ ಒಳಗೆ ಗಟ್ಟಿಯಾಗಿ ಕೂತು, ಎಣ್ಣೆ ತಲುಪದೆ, ಮರೆಯ ಸವೆತ ಬೆಳೆದು, ಒಂದು ದಿನ ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರ ಮುರಿದು ಪಕ್ಕಕ್ಕೆ ಬೀಳುತ್ತದೆ. ಆರು ತಿಂಗಳಿಗೊಮ್ಮೆ ನೆನಪಿಟ್ಟು ಎಣ್ಣೆ ಹಾಕಿದರೆ ಸಾಕು.

ಟೈರನ್ನೂ ನೋಡಿ. ಈ ಗಾಡಿಗಳು ಓಡುವುದು ಕಮ್ಮಿ, ಹಾಗಾಗಿ ಹಲ್ಲು ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2312 ಅಂದರೆ 2012ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಸ್ಟೆಪ್ನಿ ಸೇರಿ ಐದನ್ನೂ ಬದಲಿಸಿಯೇ ದೂರದ ರಸ್ತೆಗೆ ಇಳಿಸಿ.